ಗಣಕದ ಲೆಕ್ಕಪುಸ್ತಕಕ್ಕೆ ಬ್ಯಾಕಪ್: ಇದ್ದರಷ್ಟೇ ಸಾಲದು, ತಾಳೆಯಾಗಬೇಕು

ಲೆಕ್ಕಪರಿಶೋಧನೆಗೆಂದು ಕಕ್ಷಿದಾರರ ಕಚೇರಿಗೆ ಹೋದಾಗ ನಾನು ಎರಡು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಮೊದಲನೆಯದು, "ನಿಮ್ಮ ಲೆಕ್ಕದ ಡೇಟಾಬೇಸಿಗೆ ಬ್ಯಾಕಪ್ ತೆಗೆಯುತ್ತೀರಾ?" ಬಹುತೇಕ ಎಲ್ಲರೂ "ಹೌದು ಸಾರ್, ದಿನಾ ತೆಗೆಯುತ್ತೇವೆ" ಎನ್ನುತ್ತಾರೆ. ಎರಡನೆಯದು, "ಆ ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ತೆರೆದು ನೋಡಿದ್ದು ಯಾವಾಗ?" ಇದಕ್ಕೆ ಉತ್ತರ ದೊರೆಯುವುದು ಅಪರೂಪ. ಮಾಲೀಕರು ಗುಮಾಸ್ತರ ಮುಖ ನೋಡುತ್ತಾರೆ, ಗುಮಾಸ್ತರು ತಂತ್ರಾಂಶ ಒದಗಿಸಿದವರ ಹೆಸರು ಹೇಳುತ್ತಾರೆ.

ನಗದು ಪೆಟ್ಟಿಗೆಯಲ್ಲಿ ಹಣವಿದೆ ಎಂಬ ಮಾತನ್ನು ಕೇಳಿ ಯಾವ ವರ್ತಕನೂ ಸಮಾಧಾನಪಡುವುದಿಲ್ಲ. ಎಣಿಸಿ, ನಗದು ಪುಸ್ತಕದ ಶಿಲ್ಕಿನೊಡನೆ ತಾಳೆ ನೋಡಿದ ನಂತರವೇ ಒಪ್ಪುತ್ತಾನೆ. ಬ್ಯಾಕಪ್ ವಿಷಯದಲ್ಲಿಯೂ ಇದೇ ಕ್ರಮ ನಡೆಯಬೇಕೆಂಬುದು ಈ ಲೇಖನದ ಒಟ್ಟು ತಾತ್ಪರ್ಯ.

ಒಂದು ಘಟಕದ ಅನುಭವ

2022ರ ಫೆಬ್ರುವರಿಯಲ್ಲಿ ನನ್ನ ಕಕ್ಷಿದಾರರಾದ ಒಂದು ಯಂತ್ರಭಾಗ ತಯಾರಿಕಾ ಘಟಕದ ಸರ್ವರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಮಾಲೀಕರು ಮೊದಲ ದಿನ ಗಾಬರಿಗೊಳ್ಳಲಿಲ್ಲ. ಪ್ರತಿ ರಾತ್ರಿ 9 ಗಂಟೆಗೆ ಬ್ಯಾಕಪ್ ತಾನಾಗಿಯೇ ನಡೆಯುವ ಏರ್ಪಾಡು ಅವರಲ್ಲಿತ್ತು. "ಬ್ಯಾಕಪ್ ಯಶಸ್ವಿ" ಎಂಬ ಸಂದೇಶ ಪ್ರತಿದಿನ ಬೆಳಿಗ್ಗೆ ಗಣಕದ ಪರದೆಯ ಮೇಲೆ ಮೂಡುತ್ತಿತ್ತು. ಹೊಸ ಡಿಸ್ಕ್ ಹಾಕಿ ಹಿಂದಿನ ರಾತ್ರಿಯ ಬ್ಯಾಕಪ್ ತೆರೆದಾಗ ಕಂಡದ್ದು 2021ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ. ಅದರ ಮುಂದೆ ಒಂದು ನಮೂದೂ ಇರಲಿಲ್ಲ.

ಕಾರಣ ಸರಳವಾಗಿತ್ತು. ಅವರ ತಂತ್ರಾಂಶವು ಪ್ರತಿ ಹಣಕಾಸು ವರ್ಷಕ್ಕೂ ಹೊಸ ಹೆಸರಿನ ಡೇಟಾಬೇಸ್ ತೆರೆಯುತ್ತಿತ್ತು. ಬ್ಯಾಕಪ್ ಆದೇಶದಲ್ಲಿ ಮಾತ್ರ ಹಳೆಯ ವರ್ಷದ ಹೆಸರೇ ಉಳಿದಿತ್ತು. ಹತ್ತು ತಿಂಗಳಿಗೂ ಮೀರಿ, ಮುಚ್ಚಿದ ವರ್ಷದ ಲೆಕ್ಕವೇ ಪ್ರತಿ ರಾತ್ರಿ ಹೊಸ ದಿನಾಂಕ ಹೊತ್ತು ನಕಲಾಗುತ್ತಿತ್ತು. ಸಂದೇಶ ಸುಳ್ಳು ಹೇಳಿರಲಿಲ್ಲ. ಬ್ಯಾಕಪ್ ನಿಜವಾಗಿಯೂ ಯಶಸ್ವಿಯಾಗಿತ್ತು.

ಇದರಲ್ಲಿ ನನ್ನ ಪಾಲಿನ ಲೋಪವನ್ನೂ ಹೇಳಬೇಕು. 2021ರ ಅಕ್ಟೋಬರ್‌ನಲ್ಲಿ ಪರಿಶೋಧನೆಗೆ ಹೋದಾಗ ಬ್ಯಾಕಪ್ ಕಡತಗಳ ಪಟ್ಟಿಯನ್ನು ನಾನೇ ನೋಡಿದ್ದೆ. ದಿನಾಂಕಗಳು ತಪ್ಪದೆ ಇದ್ದುದರಿಂದ ನನ್ನ ಟಿಪ್ಪಣಿಯಲ್ಲಿ ಸರಿ ಗುರುತು ಹಾಕಿದ್ದೆ. ಎಲ್ಲ ಕಡತಗಳ ಗಾತ್ರವೂ ಒಂದೇ ಇತ್ತೆಂಬುದನ್ನು ಗಮನಿಸಲಿಲ್ಲ. ದಿನವೂ ಬಿಲ್ ಹಾಕುವ ಸಂಸ್ಥೆಯ ಡೇಟಾಬೇಸ್ ಆರು ತಿಂಗಳಾದರೂ ಬೆಳೆಯದಿದ್ದರೆ ಅಲ್ಲಿ ಏನೋ ತಪ್ಪಿದೆ ಎಂದು ಅಂದೇ ಹೊಳೆಯಬೇಕಾಗಿತ್ತು.

ಲೆಕ್ಕವನ್ನು ಮತ್ತೆ ಕಟ್ಟಲು ಆರು ವಾರ ಹಿಡಿಯಿತು. ಮಾರಾಟದ ಬಿಲ್ಲುಗಳು ಜಿಎಸ್‌ಟಿಆರ್-1ರಿಂದ ದೊರೆತವು. ಖರೀದಿಗಳು ಜಿಎಸ್‌ಟಿಆರ್-2ಬಿಯಿಂದ, ಪಾವತಿಗಳು ಬ್ಯಾಂಕ್ ಖಾತೆಯ ವಿವರಣಪತ್ರದಿಂದ, ಸಾಗಣೆಯ ವಿವರಗಳು ಇ-ವೇ ಬಿಲ್ಲುಗಳಿಂದ ದೊರೆತವು. ದಾಸ್ತಾನು ಪುಸ್ತಕ ಮಾತ್ರ ದೊರೆಯಲಿಲ್ಲ. ಜಾಬ್ ವರ್ಕಿಗೆ ಕಳುಹಿಸಿದ ಮಾಲಿನ ಲೆಕ್ಕವೂ ಹೋಯಿತು. ದರವ್ಯತ್ಯಾಸ, ತಿರಸ್ಕೃತ ಮಾಲು ಇವುಗಳ ಬಗ್ಗೆ ಗ್ರಾಹಕರೊಡನೆ ಮಾಡಿಕೊಂಡ ಹೊಂದಾಣಿಕೆಗಳು ಖಾತೆಯಲ್ಲಿ ಮಾತ್ರ ನಮೂದಾಗಿದ್ದವು, ಅವೂ ಹೋದವು. ಹದಿನೈದು ವರ್ಷ ವ್ಯವಹಾರ ನಡೆಸಿದ ಒಬ್ಬ ಗ್ರಾಹಕರು ತಮ್ಮ ಬಾಕಿಯಲ್ಲಿ 1,86,000 ರೂಪಾಯಿಯನ್ನು ಒಪ್ಪಲಿಲ್ಲ. ಮಾಲೀಕರ ಕೈಯಲ್ಲಿ ತೋರಿಸಲು ದಾಖಲೆ ಇರಲಿಲ್ಲ. ಅವರು ಹಣವನ್ನು ಬಿಟ್ಟುಕೊಟ್ಟರು. ಆ ವ್ಯವಹಾರವೂ ಅಲ್ಲಿಗೇ ನಿಂತಿತು.

ಕಿರ್ದಿ ಮತ್ತು ಖತಾವಣಿ

ಡೇಟಾಬೇಸ್ ಸರ್ವರ್ ಕೆಲಸ ಮಾಡುವ ರೀತಿಯನ್ನು ವರ್ತಕರು ಸುಲಭವಾಗಿ ತಿಳಿಯಬಹುದು. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಡೇಟಾಬೇಸಿನ ತತ್ತ್ವವನ್ನು ಮಂಡಿಸಿದರು. ಗ್ರಾಹಕರು, ಸರಕುಗಳು, ಬಿಲ್ಲುಗಳು, ರಸೀದಿಗಳು ಬೇರೆ ಬೇರೆ ಕೋಷ್ಟಕಗಳಲ್ಲಿದ್ದು, ಸಂಕೇತ ಸಂಖ್ಯೆಗಳ ಮೂಲಕ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇಂದು ಬಳಕೆಯಲ್ಲಿರುವ ಅನೇಕ ಬಿಲ್ಲಿಂಗ್ ಮತ್ತು ಇಆರ್‌ಪಿ ತಂತ್ರಾಂಶಗಳ ಹಿಂದೆ ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಇರುತ್ತದೆ. ಟ್ಯಾಲಿ ತನ್ನದೇ ಆದ ಕಡತ ವ್ಯವಸ್ಥೆಯನ್ನು ಬಳಸುತ್ತದೆ. ಆದರೆ ಮುಂದೆ ಹೇಳಲಿರುವ ತಾಳೆ ನೋಡುವ ಕ್ರಮ ಅದಕ್ಕೂ ಅನ್ವಯಿಸುತ್ತದೆ.

ನೀವು ಒಂದು ಬಿಲ್ಲನ್ನು ಉಳಿಸಿದಾಗ ಎಸ್‌ಕ್ಯೂಎಲ್ ಸರ್ವರ್ ಆ ಬದಲಾವಣೆಯನ್ನು ಮೊದಲು ಲಾಗ್ ಎಂಬ ಕಡತದಲ್ಲಿ ಬರೆಯುತ್ತದೆ, ನಂತರ ಮುಖ್ಯ ಕಡತಕ್ಕೆ ಸೇರಿಸುತ್ತದೆ. ಲಾಗ್ ನಮ್ಮ ಕಿರ್ದಿಯಂತೆ, ಮುಖ್ಯ ಕಡತ ಖತಾವಣಿಯಂತೆ. ಖತಾವಣಿ ಸುಟ್ಟುಹೋದರೂ ಹಿಂದಿನ ಶಿಲ್ಕುಗಳ ಒಂದು ನಕಲು ಮತ್ತು ಅಂದಿನಿಂದೀಚಿನ ಕಿರ್ದಿ ಉಳಿದಿದ್ದರೆ ಖತಾವಣಿಯನ್ನು ಮತ್ತೆ ಬರೆಯಬಹುದೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಡೇಟಾಬೇಸಿನ ಮರುಸ್ಥಾಪನೆಯೂ ಇದೇ ರೀತಿಯದು.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಸರ್ವರ್ ಚಾಲನೆಯಲ್ಲಿರುವಾಗ ಅದರ ಕಡತಗಳನ್ನು ಸುಮ್ಮನೆ ಪೆನ್ ಡ್ರೈವಿಗೆ ನಕಲು ಮಾಡಿಕೊಂಡರೆ ಅದು ಬ್ಯಾಕಪ್ ಆಗುವುದಿಲ್ಲ. ಬರೆಯುತ್ತಿರುವ ಪುಸ್ತಕದ ಛಾಯಾಪ್ರತಿ ತೆಗೆದಂತೆ, ಒಂದು ಪುಟದಲ್ಲಿ ಖರ್ಚು ಬಿದ್ದು ಇನ್ನೊಂದರಲ್ಲಿ ಜಮೆ ಬೀಳದ ಸ್ಥಿತಿ ಉಂಟಾಗಬಹುದು. ಡೇಟಾಬೇಸಿನದೇ ಬ್ಯಾಕಪ್ ಆದೇಶವನ್ನು ಬಳಸುವುದು ಅವಶ್ಯ.

ಮೂರು ಬಗೆಯ ಬ್ಯಾಕಪ್

ಎಸ್‌ಕ್ಯೂಎಲ್ ಸರ್ವರಿನಲ್ಲಿ ಮೂರು ಬಗೆಯ ಬ್ಯಾಕಪ್‌ಗಳಿವೆ. ಪೂರ್ಣ ಬ್ಯಾಕಪ್ ಇಡೀ ಡೇಟಾಬೇಸಿನ ನಕಲು. ಡಿಫರೆನ್ಷಿಯಲ್ ಬ್ಯಾಕಪ್ ಕಳೆದ ಪೂರ್ಣ ಬ್ಯಾಕಪ್ ನಂತರ ಬದಲಾದ ಭಾಗಗಳ ನಕಲು. ಲಾಗ್ ಬ್ಯಾಕಪ್ ಕಳೆದ ಲಾಗ್ ಬ್ಯಾಕಪ್ ನಂತರದ ಕಿರ್ದಿಯ ನಕಲು.

ಉದಾಹರಣೆಗೆ, ಒಂದು ಸಗಟು ಮಳಿಗೆಯವರು ಭಾನುವಾರ ರಾತ್ರಿ 10ಕ್ಕೆ ಪೂರ್ಣ ಬ್ಯಾಕಪ್, ಉಳಿದ ದಿನಗಳ ರಾತ್ರಿ 10ಕ್ಕೆ ಡಿಫರೆನ್ಷಿಯಲ್, ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಅರ್ಧ ಗಂಟೆಗೊಮ್ಮೆ ಲಾಗ್ ಬ್ಯಾಕಪ್ ತೆಗೆಯುತ್ತಾರೆಂದು ಇಟ್ಟುಕೊಳ್ಳೋಣ. ಗುರುವಾರ ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಸರ್ವರ್ ಕೆಡುತ್ತದೆ. ಆಗ ಭಾನುವಾರದ ಪೂರ್ಣ ಕಡತ, ಬುಧವಾರ ರಾತ್ರಿಯ ಡಿಫರೆನ್ಷಿಯಲ್, ಗುರುವಾರ 9ರಿಂದ 3.30ರವರೆಗಿನ 14 ಲಾಗ್ ಕಡತಗಳು, ಒಟ್ಟು 16 ಕಡತಗಳನ್ನು ಕ್ರಮವಾಗಿ ಹಾಕಿದರೆ ಲೆಕ್ಕ ಮರಳುತ್ತದೆ. ನಷ್ಟ 10 ನಿಮಿಷದ ನಮೂದು. ರಾತ್ರಿ ಒಮ್ಮೆ ಮಾತ್ರ ಬ್ಯಾಕಪ್ ತೆಗೆಯುವವರಾಗಿದ್ದರೆ ಗುರುವಾರದ ಎಲ್ಲ ಬಿಲ್ಲುಗಳೂ ಹೋಗುತ್ತಿದ್ದವು.

ಈ ಕ್ರಮದಲ್ಲಿ ಎಡವುವ ಸ್ಥಳಗಳು ನಾಲ್ಕು.

1. ಲಾಗ್ ಕಡತಗಳು ಸರಪಳಿಯಂತೆ. ನಡುವಿನ ಒಂದು ಕಡತ ಕಳೆದರೆ ಅದರ ಮುಂದಿನ ಲಾಗ್‌ಗಳನ್ನು ಹಾಕಲಾಗುವುದಿಲ್ಲ.

2. ಡೇಟಾಬೇಸ್ "ಸಿಂಪಲ್" ಎಂಬ ಮರುಸ್ಥಾಪನಾ ಮಾದರಿಯಲ್ಲಿದ್ದರೆ ಲಾಗ್ ಬ್ಯಾಕಪ್ ಸಾಧ್ಯವೇ ಇಲ್ಲ. "ಫುಲ್" ಮಾದರಿಯಲ್ಲಿಟ್ಟು ಲಾಗ್ ಬ್ಯಾಕಪ್ ತೆಗೆಯದಿದ್ದರೆ ಲಾಗ್ ಕಡತ ಬೆಳೆಯುತ್ತ ಹೋಗಿ ಡಿಸ್ಕ್ ತುಂಬಿ ಬಿಲ್ಲಿಂಗ್ ನಿಲ್ಲುತ್ತದೆ.

3. ತಂತ್ರಾಂಶದವರು ಪರೀಕ್ಷೆಗೆಂದು ಮಂಗಳವಾರ ಒಂದು ಪೂರ್ಣ ಬ್ಯಾಕಪ್ ತೆಗೆದು ತಮ್ಮ ಪೆನ್ ಡ್ರೈವಿನಲ್ಲಿ ಒಯ್ದರೆ, ಅನಂತರದ ಡಿಫರೆನ್ಷಿಯಲ್‌ಗಳೆಲ್ಲ ಆ ಕಡತವನ್ನು ಆಧರಿಸುತ್ತವೆ. ಭಾನುವಾರದ ಕಡತದೊಡನೆ ಅವು ಹೊಂದುವುದಿಲ್ಲ. ಹೀಗೆ ತೆಗೆಯುವಾಗ "ಕಾಪಿ ಓನ್ಲಿ" ಎಂಬ ಆಯ್ಕೆಯನ್ನು ಬಳಸುವಂತೆ ಹೇಳಬೇಕು.

4. ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿರುವ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ವೇಳಾಪಟ್ಟಿಯಂತೆ ಕೆಲಸ ನಡೆಸುವ ಏಜೆಂಟ್ ಸೌಲಭ್ಯವಿಲ್ಲ. ವಿಂಡೋಸ್‌ನ ಟಾಸ್ಕ್ ಷೆಡ್ಯೂಲರ್ ಮೂಲಕ ಪ್ರತ್ಯೇಕ ಏರ್ಪಾಡು ಮಾಡಿಸಬೇಕು.

ಮೈಎಸ್‌ಕ್ಯೂಎಲ್ ಬಳಸುವವರು ಪೂರ್ಣ ನಕಲಿನೊಡನೆ ಬೈನರಿ ಲಾಗ್‌ಗಳನ್ನೂ, ಪೋಸ್ಟ್‌ಗ್ರೆಸ್ ಬಳಸುವವರು ಮೂಲ ಬ್ಯಾಕಪ್‌ನೊಡನೆ ಅದರ ಲಾಗ್ ಕಡತಗಳನ್ನೂ ಕಾಪಾಡಿಕೊಂಡರೆ ಇದೇ ಪ್ರಯೋಜನ ದೊರೆಯುತ್ತದೆ.

ಬ್ಯಾಕಪ್‌ನಂತೆ ಕಾಣುವ, ಆದರೆ ಬ್ಯಾಕಪ್ ಅಲ್ಲದ ಏರ್ಪಾಡುಗಳು

ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಬರೆಯುವ ಮಿರರ್ ವ್ಯವಸ್ಥೆಯನ್ನು ಹಲವರು ಬ್ಯಾಕಪ್ ಎಂದು ತಿಳಿದಿದ್ದಾರೆ. ಒಂದು ಡಿಸ್ಕ್ ಕೆಟ್ಟರೆ ಅದು ಕೈಹಿಡಿಯುತ್ತದೆ. ಆದರೆ ಗುಮಾಸ್ತರು ತಪ್ಪಿ ಒಂದು ಖಾತೆಯನ್ನು ಅಳಿಸಿದರೆ ಎರಡೂ ಡಿಸ್ಕ್‌ಗಳಲ್ಲಿ ಅದು ಒಟ್ಟಿಗೇ ಅಳಿಯುತ್ತದೆ. ಇನ್ನೊಂದು ಸರ್ವರಿಗೆ ಕ್ಷಣಕ್ಷಣವೂ ನಕಲಾಗುವ ರೆಪ್ಲಿಕೇಷನ್ ವ್ಯವಸ್ಥೆಯ ಮಿತಿಯೂ ಇದೇ.

ಜಗತ್ತಿನ ದೊಡ್ಡ ಹಡಗು ಸಾಗಣೆ ಸಂಸ್ಥೆಗಳಲ್ಲಿ ಒಂದಾದ ಮೇರ್ಸ್ಕ್‌ಗೆ 2017ರ ಜೂನ್‌ನಲ್ಲಿ ಇಂಥದೇ ಪಾಠವಾಯಿತು. ಅದರ ಜಾಲದ ಬಳಕೆದಾರರ ವಿವರಗಳನ್ನು ಹೊತ್ತ ಸರ್ವರ್‌ಗಳು ಹಲವು ದೇಶಗಳಲ್ಲಿದ್ದು, ಒಂದರ ನಕಲು ಇನ್ನೊಂದರಲ್ಲಿ ಇರುತ್ತಿತ್ತು. ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಜಾಲದ ಮೂಲಕ ಅವನ್ನೆಲ್ಲ ಒಟ್ಟಿಗೆ ಅಳಿಸಿತು. ಉಳಿದದ್ದು ಘಾನಾ ದೇಶದ ಒಂದು ಸರ್ವರ್ ಮಾತ್ರ; ಆ ಹೊತ್ತಿಗೆ ಅಲ್ಲಿ ವಿದ್ಯುತ್ ಹೋಗಿದ್ದರಿಂದ ಅದು ಜಾಲದಿಂದ ಕಳಚಿಕೊಂಡಿತ್ತು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶಗಳು ಸರ್ವರಿಗೆ ಸದಾ ಜೋಡಿಸಿಟ್ಟ ಹೊರ ಡಿಸ್ಕನ್ನೂ ಬಿಡುವುದಿಲ್ಲ. ಆದ್ದರಿಂದ ಒಂದು ನಕಲಾದರೂ ಕಳಚಿಟ್ಟ ಸ್ಥಿತಿಯಲ್ಲಿರಬೇಕು.

ಇದಕ್ಕೆ 3-2-1 ಎಂಬ ಸೂತ್ರ ಪ್ರಚಲಿತವಾಗಿದೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ತಮ್ಮ ಚಿತ್ರಸಂಗ್ರಹವನ್ನು ಕಾಪಾಡುವ ಕ್ರಮವಾಗಿ ಇದನ್ನು ಹೇಳಿದರು. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. 2009ರ ಅಕ್ಟೋಬರ್ ಹಾಗೂ 2019ರ ಆಗಸ್ಟ್ ತಿಂಗಳ ನೆರೆಯನ್ನು ಕಂಡ ಉತ್ತರ ಕರ್ನಾಟಕದ ವರ್ತಕರಿಗೆ ಬೇರೆ ಸ್ಥಳವೇಕೆಂಬುದನ್ನು ವಿವರಿಸಬೇಕಾಗಿಲ್ಲ. ಸರ್ವರಿನ ಪಕ್ಕದ ಕಪಾಟಿನಲ್ಲಿರುವ ಪ್ರತಿ ಸರ್ವರಿನೊಡನೆಯೇ ನೀರು ಪಾಲಾಗುತ್ತದೆ.

ಐದು ಏರ್ಪಾಡುಗಳಿದ್ದೂ ಕೈಕೊಟ್ಟ ಪ್ರಸಂಗ

ನಮ್ಮಂಥ ಸಣ್ಣವರಲ್ಲಿ ಮಾತ್ರ ಹೀಗಾಗುತ್ತದೆಂದು ಭಾವಿಸಬಾರದು. ತಂತ್ರಾಂಶ ತಯಾರಕರಿಗೇ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ಉಪಸರ್ವರಿನದೆಂದು ಭಾವಿಸಿ ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಾಗ ತಪ್ಪು ಅರಿವಾಯಿತು. ಅವರಲ್ಲಿ ಬ್ಯಾಕಪ್ ಮತ್ತು ನಕಲಿನ ಐದು ಏರ್ಪಾಡುಗಳಿದ್ದವು. ಒಂದೂ ನೆಚ್ಚುವಂತಿರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆವೃತ್ತಿಯದಾಗಿದ್ದು, ಬ್ಯಾಕಪ್ ಸಾಧನ 9.2 ಆವೃತ್ತಿಯದಾಗಿದ್ದರಿಂದ ನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳನ್ನು ಅಂಚೆ ಸರ್ವರ್ ತಿರಸ್ಕರಿಸುತ್ತಿದ್ದುದರಿಂದ ಅದು ಯಾರಿಗೂ ತಿಳಿದಿರಲಿಲ್ಲ.

ಅವಘಡಕ್ಕೆ ಸುಮಾರು ಆರು ಗಂಟೆ ಮೊದಲು ಬೇರೊಂದು ಪರೀಕ್ಷೆಗೆಂದು ಕೈಯಾರೆ ತೆಗೆದಿದ್ದ ಒಂದು ನಕಲು ಅವರನ್ನು ಉಳಿಸಿತು. ಆ ಆರು ಗಂಟೆಗಳ ಡೇಟಾಬೇಸ್ ನಮೂದುಗಳು ಶಾಶ್ವತವಾಗಿ ಹೋದವು. ಸಂಸ್ಥೆ ಈ ಎಲ್ಲವನ್ನೂ ತಾನೇ ಬಹಿರಂಗವಾಗಿ ಪ್ರಕಟಿಸಿತು. ಅವರಲ್ಲಿ ತಿಳಿವಳಿಕೆಯ ಕೊರತೆಯಾಗಲಿ ಸಾಧನದ ಕೊರತೆಯಾಗಲಿ ಇರಲಿಲ್ಲ. ಬ್ಯಾಕಪ್‌ನಿಂದ ಮರುಸ್ಥಾಪಿಸಿ ನೋಡುವ ಕೆಲಸ ಯಾರೊಬ್ಬರ ಹೊಣೆಯೂ ಆಗಿರಲಿಲ್ಲ.

ತಾಳೆ ನೋಡುವ ಕ್ರಮ

ಕಡತ ಓದಲು ಬರುತ್ತದೆಯೇ ಎಂದು ಪರೀಕ್ಷಿಸುವ "ರಿಸ್ಟೋರ್ ವೆರಿಫೈಓನ್ಲಿ" ಎಂಬ ಆದೇಶ ಎಸ್‌ಕ್ಯೂಎಲ್ ಸರ್ವರಿನಲ್ಲಿದೆ. ಅದು ಉಪಯುಕ್ತವೇ ಸರಿ. ಆದರೆ ನನ್ನ ಕಕ್ಷಿದಾರರ ಹಳೆಯ ವರ್ಷದ ಕಡತವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು. ಒಳಗಿರುವುದು ನಮ್ಮ ಇಂದಿನ ಲೆಕ್ಕವೇ ಎಂದು ಹೇಳಬಲ್ಲವರು ಲೆಕ್ಕ ಬಲ್ಲವರು ಮಾತ್ರ. ಆದ್ದರಿಂದ ತಿಂಗಳಿಗೊಮ್ಮೆ ಈ ಕೆಳಗಿನಂತೆ ಮಾಡುವುದು ಸೂಕ್ತ.

1. ಬ್ಯಾಕಪ್ ತೆಗೆಯುವ ಮುನ್ನ, ನಮೂದುಗಳನ್ನು ನಿಲ್ಲಿಸಿ, ಮೂಲ ಸರ್ವರಿನಿಂದ ಐದು ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ, ತಿಂಗಳ ಒಟ್ಟು ಮಾರಾಟ, ಬರತಕ್ಕ ಬಾಕಿಯ ಮೊತ್ತ, ದಾಸ್ತಾನಿನ ಮೌಲ್ಯ, ತಾಳೆಪಟ್ಟಿಯ ಮೊತ್ತ.

2. ಬೇರೆ ಗಣಕವೊಂದರಲ್ಲಿ ಆ ಬ್ಯಾಕಪ್‌ನಿಂದ ಮರುಸ್ಥಾಪನೆ ಮಾಡಿ. ಮೂಲ ಸರ್ವರಿನ ಮೇಲೆ ಎಂದಿಗೂ ಪ್ರಯೋಗ ಮಾಡಬಾರದು. ಹೊಸ ಆವೃತ್ತಿಯ ಎಸ್‌ಕ್ಯೂಎಲ್ ಸರ್ವರಿನ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲವೆಂಬುದು ನೆನಪಿರಲಿ.

3. ನಿಮ್ಮ ಲೆಕ್ಕದ ತಂತ್ರಾಂಶದ ಮೂಲಕವೇ ಅದನ್ನು ತೆರೆದು ಅದೇ ಐದು ಅಂಕಿಗಳನ್ನು ತೆಗೆಯಿರಿ. ಪೈಸೆಗೆ ಪೈಸೆ ತಾಳೆಯಾಗಬೇಕು.

4. ಆರಂಭದಿಂದ ಮುಕ್ತಾಯದವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆಯಿರಿ. ನಿಜವಾದ ಅವಘಡದ ದಿನ ನಿಮ್ಮ ಅಂಗಡಿ ಕನಿಷ್ಠ ಅಷ್ಟು ಹೊತ್ತು ಬಿಲ್ ಹಾಕಲಾರದು.

5. ದಿನಾಂಕ, ಅಂಕಿಗಳು, ಹಿಡಿದ ಸಮಯ ಇವನ್ನು ಒಂದು ವಹಿಯಲ್ಲಿ ನಮೂದಿಸಿ ಸಹಿ ಮಾಡಿ. ಬ್ಯಾಕಪ್ ತೆಗೆಯುವವರು ಮತ್ತು ತಾಳೆ ನೋಡುವವರು ಬೇರೆ ಬೇರೆ ಇರಲಿ.

ಏಪ್ರಿಲ್ ಮೊದಲ ವಾರದಲ್ಲಿ, ತಂತ್ರಾಂಶ ನವೀಕರಿಸಿದಾಗ ಮತ್ತು ಸರ್ವರ್ ಬದಲಿಸಿದಾಗ ಈ ಪರೀಕ್ಷೆಯನ್ನು ತಪ್ಪದೆ ನಡೆಸಬೇಕು. ಬ್ಯಾಕಪ್‌ಗೆ ಗೂಢಲಿಪಿಯ ರಕ್ಷಣೆ ಕೊಟ್ಟಿದ್ದರೆ ಅದರ ಕೀಲಿ ಅಥವಾ ಪ್ರಮಾಣಪತ್ರದ ಪ್ರತಿ ಸರ್ವರಿನ ಹೊರಗೆ, ಬ್ಯಾಂಕ್ ಲಾಕರಿನಂಥ ಸ್ಥಳದಲ್ಲಿರಲಿ. ಕೀಲಿ ಕಳೆದರೆ ಕಡತ ಇದ್ದೂ ಇಲ್ಲದಂತೆ.

ಕಾನೂನು ಏನನ್ನುತ್ತದೆ

ಕೇಂದ್ರ ಜಿಎಸ್‌ಟಿ ನಿಯಮಗಳ 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದು ಹೇಳುತ್ತದೆ. ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದರೆ ಯುಕ್ತ ಅವಧಿಯಲ್ಲಿ ಮಾಹಿತಿಯನ್ನು ಮರುಸ್ಥಾಪಿಸುವಂತಿರಬೇಕೆಂದೂ ಹೇಳುತ್ತದೆ. ಅಂದರೆ ಕಡತವನ್ನು ಇಟ್ಟುಕೊಂಡರೆ ಸಾಲದು, ಅದರಿಂದ ಲೆಕ್ಕ ಮರಳಬೇಕೆಂಬುದು ಕಾನೂನಿನದೇ ಅಪೇಕ್ಷೆ. ಅದೇ ಅಧಿನಿಯಮದ 36ನೇ ಕಲಮಿನ ಪ್ರಕಾರ ಆಯಾ ವರ್ಷದ ವಾರ್ಷಿಕ ವಿವರಣಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಗಳನ್ನು ಕಾಪಾಡಬೇಕು.

ಕಂಪನಿಗಳಿಗೆ ಹೊಣೆ ಇನ್ನೂ ಹೆಚ್ಚು. 2013ರ ಕಂಪನಿ ಅಧಿನಿಯಮದ 128ನೇ ಕಲಮು 8 ಹಣಕಾಸು ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಲು ಹೇಳುತ್ತದೆ. ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ನಿಯತಕಾಲಿಕವಾಗಿ ಇರಬೇಕೆಂದಿದ್ದ ನಿಯಮವನ್ನು 2022ರ ಆಗಸ್ಟ್‌ನಲ್ಲಿ ತಿದ್ದಿ, ಪ್ರತಿದಿನವೂ ಎಂದು ಬದಲಿಸಲಾಯಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವುದು ಕಡ್ಡಾಯವಾಯಿತು. ಆ ಜಾಡನ್ನು ಉಳಿಸಿಕೊಂಡಿದ್ದಾರೆಯೇ ಎಂಬುದನ್ನು ಪರಿಶೋಧಕರು ವರದಿ ಮಾಡಬೇಕು. ಹಳೆಯ ಬ್ಯಾಕಪ್ ಹಾಕಿ ನಮೂದುಗಳನ್ನು ಮತ್ತೆ ಬರೆದಾಗ ಜಾಡಿನಲ್ಲಿ ಹೊಸ ದಿನಾಂಕ ಬೀಳುತ್ತದೆ. ಅವಘಡ ಯಾವಾಗ ಆಯಿತು, ಯಾವ ಬ್ಯಾಕಪ್ ಹಾಕಲಾಯಿತು, ಏನನ್ನು ಮರುನಮೂದಿಸಲಾಯಿತು ಎಂಬ ಟಿಪ್ಪಣಿಯನ್ನು ಅಂದೇ ಸಿದ್ಧಪಡಿಸಿಟ್ಟರೆ ಮುಂದೆ ಸಂಶಯಕ್ಕೆ ಆಸ್ಪದವಿರುವುದಿಲ್ಲ.

ಎಷ್ಟು ಕಾಲ ಯಾವುದನ್ನು ಇಡಬೇಕೆಂಬುದಕ್ಕೆ ಒಂದು ಸರಳ ಕ್ರಮ ಹೀಗಿದೆ: ನಿತ್ಯದ ಬ್ಯಾಕಪ್ 14 ದಿನ, ತಿಂಗಳ ಕೊನೆಯದು 12 ತಿಂಗಳು, ಮಾರ್ಚ್ 31ರ ಲೆಕ್ಕ ಅಂತಿಮಗೊಂಡ ನಂತರದ್ದು 8 ವರ್ಷ. ಜೂನ್‌ನಲ್ಲಿ ಅಳಿದ ಖಾತೆಯೊಂದು ಸೆಪ್ಟೆಂಬರ್‌ನಲ್ಲಿ ಬೆಳಕಿಗೆ ಬಂದರೆ ನಿತ್ಯದ ಬ್ಯಾಕಪ್ ಉಪಯೋಗಕ್ಕೆ ಬಾರದು. ಮೇ ತಿಂಗಳ ಕೊನೆಯದು ಬರುತ್ತದೆ.

ಮಾಲೀಕರ ಪಾಲಿನ ಕೆಲಸ

ಆದೇಶಗಳನ್ನು ಬರೆಯುವುದು ತಂತ್ರಜ್ಞರ ಕೆಲಸ. ಎರಡು ನಿರ್ಧಾರಗಳನ್ನು ಮಾತ್ರ ಮಾಲೀಕರೇ ಮಾಡಬೇಕು. ಎಷ್ಟು ಹೊತ್ತಿನ ನಮೂದು ಕಳೆದರೆ ನಮ್ಮ ವ್ಯಾಪಾರ ತಡೆದುಕೊಳ್ಳಬಲ್ಲದು? ಎಷ್ಟು ಗಂಟೆ ಸರ್ವರ್ ಇಲ್ಲದೆ ನಾವು ಇರಬಲ್ಲೆವು? ದಿನಕ್ಕೆ ಹತ್ತು ಬಿಲ್ ಹಾಕುವವರಿಗೆ ರಾತ್ರಿಯ ಬ್ಯಾಕಪ್ ಸಾಕಾಗಬಹುದು. ಬಿಲ್ಲಿನ ಪ್ರತಿಗಳಿಂದ ಮತ್ತೆ ಬರೆದುಕೊಳ್ಳಬಹುದು. ನಾನೂರು ಬಿಲ್ ಹಾಕುವವರಿಗೆ ಅರ್ಧ ಗಂಟೆಯ ಲಾಗ್ ಬ್ಯಾಕಪ್ ಬೇಕಾಗುತ್ತದೆ. ಈ ಎರಡು ಉತ್ತರಗಳನ್ನು ಕಾಗದದಲ್ಲಿ ಬರೆದು ತಂತ್ರಾಂಶದವರ ಕೈಗೆ ಕೊಟ್ಟರೆ ಉಳಿದ ಏರ್ಪಾಡು ಅದಕ್ಕೆ ತಕ್ಕಂತೆ ರೂಪುಗೊಳ್ಳುತ್ತದೆ.

ಮೇಲೆ ಹೇಳಿದ ಘಟಕದಲ್ಲಿ ಈಗ ಪ್ರತಿ ತಿಂಗಳ ಮೊದಲ ಶನಿವಾರ ಮರುಸ್ಥಾಪನೆ ನಡೆಯುತ್ತದೆ. ಪರಿಶೋಧನೆಗೆ ಹೋದಾಗ ನಾನು ಕಡತಗಳ ಪಟ್ಟಿ ಕೇಳುವುದನ್ನು ಬಿಟ್ಟು, ಆ ಸಹಿ ಮಾಡಿದ ವಹಿಯನ್ನೇ ಕೇಳುತ್ತೇನೆ. ಮೊದಲ ಮರುಸ್ಥಾಪನೆಗೆ ಅವರಿಗೆ ಒಂದಿಡೀ ದಿನ ಬೇಕಾಗಿತ್ತು. ಕಳೆದ ಬಾರಿ ನೋಡಿದಾಗ ಆ ಅಂಕಣದಲ್ಲಿ 2 ಗಂಟೆ 10 ನಿಮಿಷ ಎಂದು ಬರೆದಿತ್ತು. ಓದುಗರು ತಮ್ಮ ಸಂಸ್ಥೆಯಲ್ಲಿ ಇಂಥ ವಹಿಯೊಂದನ್ನು ಈ ತಿಂಗಳೇ ಆರಂಭಿಸಲೆಂದು ಕೋರುತ್ತೇನೆ.